ದಸರಾ ರಜೆಯಲ್ಲಿ ಒಂದು ದಿನ ಘಾಟಿ ಮೇಲೆ: ಮೋಡ ಇದ್ರೆ ಹೋಗುವುದಾ, ಬಿಡುವುದಾ?

ಕುಂಜಿಬೆಟ್ಟು_ಮನೆ
ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಉಡುಪಿಯಿಂದ ಹೋಗಿ ಅದೇ ದಿನ ವಾಪಸ್ ಬರುವ ಪ್ರವಾಸ. ಏಳು ಸೀಟಿನ ಆಟೊಮ್ಯಾಟಿಕ್ ಗಾಡಿ, ಆರು ಜನ. ದೊಡ್ಡವರು ಮೂವರು, ಮೊಣಗಂಟು ನೋವಿರುವ 68 ವರ್ಷದ ಅಮ್ಮ, 9 ಮತ್ತು 5 ವರ್ಷದ ಮಕ್ಕಳು. ಚಿಕ್ಕವನಿಗೆ ಘಾಟಿಯಲ್ಲಿ ವಾಂತಿ ಉಂಟು. ಆಲೋಚನೆ ಹೀಗೆ: ಆಗುಂಬೆ, ಕುಂದಾದ್ರಿ, ಶೃಂಗೇರಿ ಊಟ, ಬರುವಾಗ ಆಗುಂಬೆಯಲ್ಲಿ ಸೂರ್ಯಾಸ್ತ. ಅದಿಲ್ಲದಿದ್ರೆ ಕಾರ್ಕಳ–ಮಾಳ ದಾರಿಯಾಗಿ ಹನುಮನಗುಂಡಿ ಜಲಪಾತ. ಮೊಬೈಲಿನಲ್ಲಿ ಒಂದು ಆ್ಯಪ್ ಬಿಸಿಲು ಹೇಳ್ತದೆ, ಇನ್ನೊಂದು ಗುಡುಗು ಹೇಳ್ತದೆ. ಯಾವುದನ್ನು ನಂಬುವುದು?

ಘಾಟಿ_ಚಾಲಕ
ಮೊದಲು ಹನುಮನಗುಂಡಿ ತೆಗೆದುಹಾಕಿ. ರಸ್ತೆಯಿಂದ ನೀರಿನ ತನಕ ಮೆಟ್ಟಿಲು ಇಳಿಯಬೇಕು. ಇಳಿದದ್ದನ್ನೆಲ್ಲ ಹತ್ತಲೂ ಬೇಕು. ಒದ್ದೆ ಮೆಟ್ಟಿಲು, ಗಂಟುನೋವು, ಐದು ವರ್ಷದ ಹುಡುಗ, ಮೂರೂ ಒಟ್ಟಿಗೆ ಬೇಡ. ಆ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುವುದರಿಂದ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡ್ತಾರೆ, ಸಿಕ್ಕಿದಲ್ಲಿ ನಿಲ್ಲಿಸುವ ಹಾಗಿಲ್ಲ. ವಾಂತಿ ಬರುವ ಮಗು ಇರುವ ಗಾಡಿಗೆ ಅದೇ ದೊಡ್ಡ ತೊಂದರೆ.

ಎರಡನೆಯದು ಸೂರ್ಯಾಸ್ತ. ಅಕ್ಟೋಬರ್ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು ಸುಮಾರು 6.15ಕ್ಕೆ. ನೋಡಿ ಹೊರಟರೆ ಹದಿನಾಲ್ಕು ಹೇರ್‌ಪಿನ್ ತಿರುವನ್ನು ಕತ್ತಲೆ, ಮಂಜು, ಎದುರಿಂದ ಬರುವ ಹೈಬೀಮ್, ಎಲ್ಲದರ ನಡುವೆ ಇಳಿಯಬೇಕು. ಮೋಡ ಇದ್ದ ದಿನ ಸೂರ್ಯ ಕಾಣುವುದೂ ಇಲ್ಲ, ಇಳಿಯುವ ಕಷ್ಟ ಮಾತ್ರ ಉಳೀತದೆ.

ಪರ್ಕಳ_ಪಡುವಣ
ಸೂರ್ಯಾಸ್ತ ನೋಡದೆ ಆಗುಂಬೆಗೆ ಎಂತಕ್ಕೆ ಹೋಗುವುದು ಮಾರಾಯ್ರೆ?

ಘಾಟಿ_ಚಾಲಕ
ಸೂರ್ಯಾಸ್ತ ನೋಡುವ ಅದೇ ಕಟ್ಟೆಯಲ್ಲಿ ಬೆಳಗ್ಗೆ ಎಂಟು ಗಂಟೆಗೆ ನಿಂತು ನೋಡಿ. ಸೂರ್ಯ ಬೆನ್ನ ಹಿಂದೆ ಇರ್ತಾನೆ, ಬೆಳಕು ಪಡುವಣದ ಕಾಡಿನ ಮೇಲೆ ನೇರ ಬೀಳ್ತದೆ. ಸಂಜೆ ಕಣ್ಣಿಗೇ ಹೊಡೆಯುವ ಬೆಳಕಿನಲ್ಲಿ ಕಣಿವೆ ಕಪ್ಪಾಗಿ ಕಾಣುವುದು, ಬೆಳಗ್ಗೆ ಒಂದೊಂದೇ ಗುಡ್ಡ ಲೆಕ್ಕ ಹಾಕಬಹುದು. ಜನವೂ ಕಡಿಮೆ, ಮಂಗಗಳೂ ಕಡಿಮೆ.

ಮೋಡದ_ಲೆಕ್ಕ
ಆ್ಯಪ್‌ಗಳು ಬೇರೆಬೇರೆ ಹೇಳಲು ಕಾರಣ ಉಂಟು. ಹೆಚ್ಚಿನವು ಜಾಗತಿಕ ಹವಾಮಾನ ಮಾದರಿಗಳಿಂದ, ಅಂದ್ರೆ ಭೂಮಿಯನ್ನು ಚೌಕ ಚೌಕ ಮಾಡಿ ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕದಿಂದ, ಅಂಕಿ ಎತ್ತಿಕೊಳ್ತವೆ. ಯುರೋಪಿನ ಮಾದರಿಯ ಒಂದು ಚೌಕ ಸುಮಾರು 9 ಕಿ.ಮೀ., ಅಮೆರಿಕದ್ದು ಸುಮಾರು 13 ಕಿ.ಮೀ. ಘಾಟಿಯ ಬುಡದ ಸೋಮೇಶ್ವರ ಮತ್ತು ತಲೆಯ ಮೇಲಿನ ಆಗುಂಬೆ ಹೆಚ್ಚುಕಡಿಮೆ ಒಂದೇ ಚೌಕದೊಳಗೆ ಬಂದುಬಿಡ್ತವೆ. ಘಾಟಿಯನ್ನು ಸವರಿ ಒಂದು ಇಳಿಜಾರು ಮಾಡಿ ಲೆಕ್ಕ ಹಾಕಿದ ಮೇಲೆ "ಆಗುಂಬೆ, 3 ಗಂಟೆ, ಮಳೆ ಶೇ. 60" ಅನ್ನುವ ಅಂಕಿಗೆ ಅಷ್ಟು ಬೆಲೆ ಕೊಡಬೇಡಿ. ಆ ದಿನ ಯಾವ ಜಾತಿಯದ್ದು ಅನ್ನುವುದನ್ನು ಮಾತ್ರ ಅವುಗಳಿಂದ ತಿಳಿಯಬೇಕು.

ಈ ಹೊತ್ತಿನಲ್ಲಿ ಜಾತಿ ಎರಡೇ.

ಒಂದು, ಕಡಲಿನಿಂದ ಬರುವ ಮಳೆಯ ದಿನ. ಗಾಳಿ ಪಡುವಣದಿಂದ ಬೀಸ್ತದೆ, ಬೆಳಗ್ಗೆಯೇ ಸಮುದ್ರದ ಮೇಲೆ ಮೋಡದ ಗುಂಪು ಇರ್ತದೆ, ಬಿಟ್ಟುಬಿಟ್ಟು ದಿನವಿಡೀ ಸುರೀತದೆ. ಇಂಥ ದಿನ ಘಾಟಿ ಮೇಲೆ ನೋಡಲಿಕ್ಕೆ ಎಂತದೂ ಸಿಗುವುದಿಲ್ಲ. ಎರಡು, ಮುಂಗಾರು ಹಿಂದೆ ಸರಿಯುವಾಗಿನ ಗುಡುಗಿನ ದಿನ. ಬೆಳಗ್ಗೆ ಸ್ವಚ್ಛ, ಹತ್ತು–ಹನ್ನೊಂದಕ್ಕೆ ಗುಡ್ಡದ ಮೇಲೆ ಹತ್ತಿಯಂಥ ಮೋಡ, ಎರಡು–ಮೂರು ಗಂಟೆಗೆ ಅದು ಕಪ್ಪಾಗಿ ಸಿಡಿಲು. ಮೂಡಣ ಗಾಳಿ ಇದ್ದರೆ ಸಂಜೆ ಅದೇ ಮೋಡ ಹೆಬ್ರಿ, ಕಾರ್ಕಳದ ಮೇಲೆ ಇಳೀತದೆ.

ಬೆಳಗ್ಗೆ ಆರಕ್ಕೆ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹದ ಚಿತ್ರ ನೋಡಿ. ಆಗ ಇನ್ನೂ ಬೆಳಕಿರುವುದಿಲ್ಲ, ಹಾಗಾಗಿ ಕತ್ತಲೆಯಲ್ಲೂ ಮೋಡ ತೋರಿಸುವ ಇನ್‌ಫ್ರಾರೆಡ್ ಚಿತ್ರವನ್ನೇ ತೆಗೆಯಬೇಕು. ಉಡುಪಿಯ ಪಡುವಣಕ್ಕೆ ಕಡಲ ಮೇಲೆ ದಟ್ಟ ಬಿಳಿ ಮುದ್ದೆ ಇದ್ರೆ ಮೊದಲ ಜಾತಿ. ಕಡಲು ಖಾಲಿ ಇದ್ರೆ ಎರಡನೆಯದು. ಎರಡನೆಯ ಜಾತಿಯ ದಿನ ಧೈರ್ಯವಾಗಿ ಹೋಗಬಹುದು, ಆದರೆ ಮಧ್ಯಾಹ್ನ ಎರಡರೊಳಗೆ ಘಾಟಿಯ ಬುಡದಲ್ಲಿರಬೇಕು.

ಕುಂಜಿಬೆಟ್ಟು_ಮನೆ
ಮಳೆ ಇಲ್ಲ, ಬರೀ ಮೋಡ ಇದ್ರೆ? ಮೇಲೆ ಹೋದ ಮೇಲೆ ಬಿಳಿ ಗೋಡೆ ಮಾತ್ರ ಕಾಣುತ್ತದಾ ಅಂತ ಮೊದಲೇ ತಿಳಿಯುವ ದಾರಿ ಉಂಟಾ?

ಮೋಡದ_ಲೆಕ್ಕ
ಅಂದಾಜು ಮಾಡಬಹುದು. ಉಡುಪಿಯ ಹವಾಮಾನದ ಪುಟದಲ್ಲಿ ಉಷ್ಣಾಂಶದ ಹತ್ತಿರವೇ ಇಬ್ಬನಿ ಬಿಂದು ಅಂತ ಇನ್ನೊಂದು ಅಂಕಿ ಇರ್ತದೆ (ಆ್ಯಪ್‌ಗಳಲ್ಲಿ ಡ್ಯೂ ಪಾಯಿಂಟ್), ಗಾಳಿ ಅಷ್ಟಕ್ಕೆ ತಣ್ಣಗಾದರೆ ಅದರ ತೇವ ಹನಿಗಟ್ಟುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು 125ರಿಂದ ಗುಣಿಸಿದರೆ ಮೋಡದ ಬುಡ ಎಷ್ಟು ಮೀಟರ್ ಎತ್ತರದಲ್ಲಿ ಅಂತ ಬರ್ತದೆ. ಉಡುಪಿ ಹೆಚ್ಚುಕಡಿಮೆ ಕಡಲ ಮಟ್ಟದಲ್ಲೇ ಇರುವುದರಿಂದ ಬೇರೆ ಕೂಡಿಸುವುದು ಬೇಡ.

ಜುಲೈಯ ಒಂದು ದಿನ 27 ಮತ್ತು 25 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 2, ಮೋಡದ ಬುಡ 250 ಮೀಟರ್. ಆಗುಂಬೆ ಸುಮಾರು 640 ಮೀಟರ್, ಅಂದ್ರೆ ಅರ್ಧ ಘಾಟಿಯಿಂದ ಮೇಲಕ್ಕೆ ಮೋಡದ ಹೊಟ್ಟೆಯೊಳಗೇ. ಅಕ್ಟೋಬರಿನಲ್ಲಿ 31 ಮತ್ತು 24 ಇದ್ರೆ 875 ಮೀಟರ್. ಆಗುಂಬೆ ಕಟ್ಟೆ ಮೋಡದ ಕೆಳಗೆ, ಸ್ವಚ್ಛ. ಅದೇ ದಿನ 1,343 ಮೀಟರಿನ ಕೊಡಚಾದ್ರಿ, 1,900 ಮುಟ್ಟುವ ಕುದುರೆಮುಖ ಶಿಖರ, ಮುಳ್ಳಯ್ಯನಗಿರಿ, ಇವುಗಳ ತಲೆ ಮುಚ್ಚಿರುವ ಸಾಧ್ಯತೆ ಹೆಚ್ಚು. ಮೋಡದ ದಿನ ಅತಿ ಎತ್ತರದ ಗುಡ್ಡವೇ ಬೇಕು ಅಂತ ಹಟ ಹಿಡಿಯುವುದು ತಪ್ಪು ಅನ್ನುವುದು ಇದಕ್ಕೇ.

ಹೆಬ್ರಿ_ತಿರುವು
ಒಂದು ತಿದ್ದುಪಡಿ. ಈ ಲೆಕ್ಕ ಬೆಳಗ್ಗೆ ಆರರ ಅಂಕಿಗೆ ಹಾಕಬೇಡಿ. ಆಗ ನೆಲದ ಹತ್ತಿರದ ಗಾಳಿ ತಣ್ಣಗೆ ಕೂತಿರ್ತದೆ, ವ್ಯತ್ಯಾಸ ಒಂದೋ ಎರಡೋ ಡಿಗ್ರಿ ಬರ್ತದೆ, ಲೆಕ್ಕ ನೋಡಿದವರು ಹೆದರಿ ಮನೆಯಲ್ಲೇ ಕೂರ್ತಾರೆ. ಬಿಸಿಲು ಬಿದ್ದು ಗಾಳಿ ಮೇಲೆ ಕೆಳಗೆ ಕಲಸಿಕೊಂಡ ಮೇಲಿನ ಹೊತ್ತಿಗೆ, ಅಂದ್ರೆ ಹತ್ತರ ನಂತರದ ಮುನ್ಸೂಚನೆಯ ಅಂಕಿಗೆ ಹಾಕಿ.

ಮೋಡದ_ಲೆಕ್ಕ
ಸರಿ, ಅದು ಹೇಳಬೇಕಿತ್ತು. ಬೆಳಗಿನ ಮಂಜು ಕಣಿವೆಯಲ್ಲಿ ಕೂತಿರುವಂಥದ್ದು, ಬಿಸಿಲು ಏರಿದ ಹಾಗೆ ಕರಗ್ತದೆ. ಮಧ್ಯಾಹ್ನ ಕಡಲ ಕಡೆಯಿಂದ ಹತ್ತಿ ಬರುವ ಮಂಜು ಮೋಡವೇ. ಅದಕ್ಕೆ ಕಾಯ್ತಾ ಕೂತು ಪ್ರಯೋಜನ ಇಲ್ಲ.

ಬ್ರಹ್ಮಾವರ_ಅಕ್ಕ
ಇಷ್ಟೆಲ್ಲ ಲೆಕ್ಕ ಎಂತಕ್ಕೆ, ಯೆಲ್ಲೊ ಅಲರ್ಟ್ ಬಂದ್ರೆ ಹೋಗುವುದೇ ಬೇಡ ಅಂದ್ರೆ ಮುಗೀತಲ್ಲ?

ಮೋಡದ_ಲೆಕ್ಕ
ಹಾಗೆ ಮಾಡಿದ್ರೆ ಕರಾವಳಿಯಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಯಾರೂ ಮನೆಯಿಂದ ಹೊರಗೆ ಕಾಲಿಡಲಿಕ್ಕಿಲ್ಲ ಅಕ್ಕ. ಬಣ್ಣ ಇಡೀ ಜಿಲ್ಲೆಗೆ ಕೊಡುವಂಥದ್ದು. ಅದರ ಜೊತೆಗಿರುವ ವಾಕ್ಯ ಓದಬೇಕು. "ಒಂದೆರಡು ಕಡೆ" ಅಂದ್ರೆ ಜಿಲ್ಲೆಯ ಮಳೆ ಮಾಪನ ಕೇಂದ್ರಗಳಲ್ಲಿ ಶೇ. 25ರ ಒಳಗೆ. "ಕೆಲವು ಕಡೆ" ಶೇ. 26ರಿಂದ 50, "ಹಲವು ಕಡೆ" 51ರಿಂದ 75, "ಬಹುತೇಕ ಕಡೆ" ಅದಕ್ಕೂ ಮೇಲೆ. "ಭಾರೀ ಮಳೆ" ಅಂದ್ರೆ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5, "ಅತಿ ಭಾರೀ" 204.4ರ ತನಕ. ದಿನದ ಮಳೆಯನ್ನು ಬೆಳಗ್ಗೆ 8.30ರಿಂದ ಮರುದಿನ 8.30ಕ್ಕೆ ಲೆಕ್ಕ ಹಿಡಿಯುವುದರಿಂದ ಶನಿವಾರದ ಪತ್ರಿಕೆಯಲ್ಲಿ ಬರುವ ಮಳೆ ಗುರುವಾರ ಬೆಳಗ್ಗೆಯಿಂದ ಶುಕ್ರವಾರ ಬೆಳಗ್ಗೆ ತನಕದ್ದು.

ಹಾಗಾಗಿ ಯೆಲ್ಲೊ, "ಒಂದೆರಡು ಕಡೆ ಗುಡುಗು ಸಹಿತ ಮಳೆ" ಇದ್ರೆ ಬೇಗ ಹೋಗಿ ಬೇಗ ಬನ್ನಿ. ಆರೆಂಜ್ ಇದ್ರೆ ಘಾಟಿ ಬೇಡ. ರೆಡ್ ಇದ್ರೆ ಪ್ರಶ್ನೆಯೇ ಇಲ್ಲ.

ಇನ್ನೊಂದು, ಉಡುಪಿ ಜಿಲ್ಲೆಯದ್ದು ಮಾತ್ರ ನೋಡಿದರೆ ಸಾಲುವುದಿಲ್ಲ. ಹೆಬ್ರಿ, ಸೋಮೇಶ್ವರ ನಮ್ಮ ಜಿಲ್ಲೆ, ಆಗುಂಬೆ, ಕುಂದಾದ್ರಿ ಶಿವಮೊಗ್ಗದ್ದು, ಶೃಂಗೇರಿ ಚಿಕ್ಕಮಗಳೂರಿನದ್ದು. ಮೂರೂ ಜಿಲ್ಲೆಯದ್ದನ್ನು ಓದಿ.

ಹೆಬ್ರಿ_ತಿರುವು
ನಿಮ್ಮ ದಾರಿಯ ಒಂದು ಅನುಕೂಲ ಯಾರೂ ಹೇಳಲಿಲ್ಲ. ಹೆಬ್ರಿಯಲ್ಲಿ ರಸ್ತೆ ಕವಲಾಗ್ತದೆ. ಮುಂದೆ ಹೋದರೆ ಸೋಮೇಶ್ವರ, ಆಗುಂಬೆ. ತೆಂಕು ಕಡೆ ತಿರುಗಿದರೆ ವರಂಗ, ಕಾರ್ಕಳ, ಮೂಡುಬಿದಿರೆ. ಮನೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳುವುದು ಬೇಡ, ಹೆಬ್ರಿ ತನಕ ಹೋಗಿ ಅಲ್ಲಿ ಚಹಾ ಕುಡಿಯುತ್ತಾ ಮೂಡಣಕ್ಕೆ ನೋಡಿ. ಘಾಟಿಯ ಗುಡ್ಡದ ಸಾಲು ಪೂರ್ತಿ ಕಂಡರೆ ಹೋಗುವುದು. ಅರ್ಧ ಕಂಡರೆ ಸೋಮೇಶ್ವರ ತನಕ ಹೋಗಿ, ಇಳಿದು ಬರುವ ಗಾಡಿಯವರನ್ನು ಕೇಳುವುದು. ಗುಡ್ಡವೇ ಇಲ್ಲ ಅನ್ನುವ ಹಾಗಿದ್ರೆ ತಿರುಗಿಸುವುದು, ಮಕ್ಕಳಿಗೆ ಅದನ್ನು ಮೊದಲೇ ಹೇಳಿಟ್ಟಿರಬೇಕು.

ತಿರುಗಿಸಿದ ದಿನಕ್ಕೆ: ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗುವುದು (ಗುಡುಗು ಕೇಳಿದ್ರೆ ದೋಣಿ ಬೇಡ), ಕಾರ್ಕಳದಲ್ಲಿ 1586ರ ಚತುರ್ಮುಖ ಬಸದಿ, 1432ರ ಗೊಮ್ಮಟ. ಗೊಮ್ಮಟನದ್ದು ಬರೀ ಬಂಡೆ ಗುಡ್ಡ, ಮಳೆಯಲ್ಲಿ ಜಾರ್ತದೆ. ಅಮ್ಮನಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೇ ಒಳ್ಳೆಯದು, ಒಳಗೆ ಹೋದ ಮೇಲೆ ಮಳೆ ಎಷ್ಟು ಬಂದರೂ ಕಂಬ ನೋಡುತ್ತಾ ಒಂದು ಗಂಟೆ ಕಳೆಯಬಹುದು.

ಘಾಟಿ_ಚಾಲಕ
ಹೆಬ್ರಿಯಲ್ಲಿ ತೀರ್ಮಾನ ಮಾಡುವುದು ಒಳ್ಳೆ ಮಾತು. ಇನ್ನೊಂದು ತೀರ್ಮಾನ ಆಗುಂಬೆಯಲ್ಲಿ. ಕುಂದಾದ್ರಿ ಮತ್ತು ಶೃಂಗೇರಿ ಎರಡೂ ಬೇಡ, ಒಂದು ಸಾಕು. ಕುಂದಾದ್ರಿ ತೀರ್ಥಹಳ್ಳಿ ಕಡೆ, ಶೃಂಗೇರಿ ಬೇರೆ ದಿಕ್ಕು. ಎರಡನ್ನೂ ಹಿಡಿದರೆ ಎರಡು ಗಂಟೆಗೆ ಬುಡ ಮುಟ್ಟುವುದು ಆಗದ ಮಾತು.

ಉಡುಪಿ 6.15, ಹೆಬ್ರಿ 7.15, ಸೋಮೇಶ್ವರದಲ್ಲಿ ಕಾಲು ಗಂಟೆ ನಿಲುಗಡೆ, ಆಗುಂಬೆ 8.15. ಆಕಾಶ ತೆರೆದಿದ್ರೆ ಕುಂದಾದ್ರಿ, 9ರಿಂದ 10.15. ಬುತ್ತಿ ಆಗುಂಬೆಯಲ್ಲಿ ಬಿಚ್ಚಿ 12ಕ್ಕೆ ಇಳಿಯುವುದು. ಮಂಜು ಇದ್ರೆ ನೇರ ಶೃಂಗೇರಿ, 9.30ರ ಹೊತ್ತಿಗೆ. ದರ್ಶನ, ಪ್ರಸಾದದ ಊಟ ಮುಗಿಸಿ 12.45ಕ್ಕೆ ಹೊರಟರೆ ಎರಡಕ್ಕೆ ಘಾಟಿ ಬುಡ. ನವರಾತ್ರಿಯಲ್ಲಿ ಶೃಂಗೇರಿಯಲ್ಲಿ ಜನಸಾಗರ, ಊಟದ ಸಾಲು ಉದ್ದ. 12.30ಕ್ಕೂ ಸಾಲಿನ ಹಿಂದೆಯೇ ಇದ್ರೆ ಪ್ರಸಾದ ಬಿಟ್ಟು ಬುತ್ತಿ ಬಿಚ್ಚಿ.

ಗ್ಯಾರೇಜ್_ಕಾಪು
ಗಾಡಿಯ ಮಾತು ಯಾರೂ ಎತ್ತಲಿಲ್ಲ. ಆಟೊಮ್ಯಾಟಿಕ್‌ನಲ್ಲಿ ಡಿ (ಡ್ರೈವ್) ಹಾಕಿ ಘಾಟಿ ಇಳಿಯುವುದೇ ದೊಡ್ಡ ತಪ್ಪು. ಗಾಡಿ ತಾನಾಗಿ ಮೇಲಿನ ಗೇರಿಗೆ ಹೋಗ್ತದೆ, ಎಂಜಿನ್ ಹಿಡಿತ ತಪ್ತದೆ, ಭಾರ ಎಲ್ಲ ಬ್ರೇಕಿನ ಮೇಲೆ ಬೀಳ್ತದೆ. ಆರು ಜನ, ಸಾಮಾನು, ಹದಿನಾಲ್ಕು ತಿರುವು. ಪ್ಯಾಡ್ ಕಾದು ಸುಟ್ಟ ವಾಸನೆ ಬರ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಸರಿಯಾಗಿ ಹಿಡಿಯುವುದಿಲ್ಲ. ಎಲ್ (ಲೋ), 2 ಅಥವಾ ಮ್ಯಾನುವಲ್ ಮೋಡಿನಲ್ಲಿ ಎರಡನೇ ಗೇರ್ ಹಾಕಿ ಇಳಿಸಿ, ಹೇರ್‌ಪಿನ್‌ನಲ್ಲಿ ಒಂದನೇ ಗೇರ್. ಬ್ರೇಕ್ ಗಟ್ಟಿಯಾಗಿ ಒತ್ತಿ ಬಿಡಿ, ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ವಾಸನೆ ಬಂದ್ರೆ ಅಗಲ ಇರುವಲ್ಲಿ ನಿಲ್ಲಿಸಿ ಹದಿನೈದು–ಇಪ್ಪತ್ತು ನಿಮಿಷ ಹಾಗೇ ಬಿಡಿ, ಡಿಸ್ಕಿಗೆ ನೀರು ಹೊಯ್ದರೆ ಸೊಟ್ಟಗಾಗ್ತದೆ.

ಟಯರಿನ ಗೀರಿನ ಆಳ 1.6 ಮಿ.ಮೀ. ಇದ್ರೆ ಕಾನೂನಿಗೆ ಸಾಕು, ಮಳೆ ಘಾಟಿಗೆ 3 ಮಿ.ಮೀ. ಇರಲಿ. ವೈಪರ್ ಗಾಜಿನಲ್ಲಿ ಗೆರೆ ಎಳೆಯುತ್ತಿದ್ದರೆ ಹೊರಡುವ ಮೊದಲೇ ರಬ್ಬರ್ ಬದಲಿಸಿ.

ಈಗ ಗಾಜು. ಆರು ಜನರ ಉಸಿರಿಗೆ ಒಳಗಿನಿಂದ ಮಂಜು ಕಟ್ಟಿದರೆ ಎ.ಸಿ. ಹಾಕಿ, ಗಾಳಿ ಮುಂದಿನ ಗಾಜಿಗೆ ತಿರುಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ. ಬಟ್ಟೆಯಿಂದ ಒರೆಸಿದರೆ ಎರಡು ನಿಮಿಷದಲ್ಲಿ ಮತ್ತೆ ಅದೇ ಕಥೆ. ಆದರೆ ವೈಪರ್ ಹಾಕಿದಾಗ ಮಂಜು ಹೋದರೆ ಅದು ಹೊರಗಿನದ್ದು, ಎ.ಸಿ. ಅತಿಯಾಗಿ ತಣ್ಣಗಾಗಿ ಗಾಜು ತಣ್ಣಗಾಗಿದೆ ಅಂತ ಅರ್ಥ. ಆಗ ಉಷ್ಣಾಂಶ ಏರಿಸಬೇಕು. ಈ ಎರಡನ್ನು ಗೊಂದಲ ಮಾಡಿಕೊಂಡು ಎ.ಸಿ. ಇನ್ನೂ ಜೋರು ಮಾಡುವವರೇ ಹೆಚ್ಚು.

ಪರ್ಕಳ_ಪಡುವಣ
ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋದರೆ ಒಳ್ಳೆಯದಲ್ವಾ?

ಗ್ಯಾರೇಜ್_ಕಾಪು
ಬೇಡ. ಹಜಾರ್ಡ್ ದೀಪ ನಿಂತ ಗಾಡಿಗೆ. ಓಡುವಾಗ ಹಾಕಿದ್ರೆ ನೀವು ಬಲಕ್ಕೆ ತಿರುಗುವುದು ಹಿಂದಿನವನಿಗೆ ಗೊತ್ತಾಗುವುದಿಲ್ಲ, ನಿಂತಿದ್ದೀರಾ ಓಡ್ತಾ ಇದ್ದೀರಾ ಅನ್ನುವುದೂ ಗೊತ್ತಾಗುವುದಿಲ್ಲ. ಲೋ ಬೀಮ್, ಫಾಗ್ ಲ್ಯಾಂಪ್ ಇದ್ರೆ ಅದು. ಹೈಬೀಮ್ ಹಾಕಿದರೆ ಬೆಳಕು ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರ್ತದೆ.

ಘಾಟಿ_ಚಾಲಕ
ಅದಕ್ಕೆ ಸೇರಿಸಿ: ಒದ್ದೆ ಇಳಿಜಾರಿನಲ್ಲಿ 30ರ ವೇಗಕ್ಕೆ ಗಾಡಿ ಪೂರ್ತಿ ನಿಲ್ಲಲು ಸುಮಾರು 20 ಮೀಟರ್ ಬೇಕು, 40ಕ್ಕೆ ಸುಮಾರು 30. ಎದುರಿನವನಿಗೂ ಅಷ್ಟೇ ಬೇಕು. ಅಂದ್ರೆ ಕಾಣುವ ದೂರದ ಅರ್ಧದೊಳಗೆ ನೀವು ನಿಲ್ಲುವ ಹಾಗಿರಬೇಕು. 40 ಮೀಟರ್ ಕಾಣುವ ಮಂಜಿನಲ್ಲಿ 30ಕ್ಕಿಂತ ಜೋರು ಹೋಗುವ ಲೆಕ್ಕವೇ ಇಲ್ಲ. ಹತ್ತುವ ಗಾಡಿಗೆ ದಾರಿ ಬಿಡಬೇಕು, ನಿಯಮವೂ ಅದೇ. ಪ್ರತಿ ಹೇರ್‌ಪಿನ್‌ಗೆ ಹಾರ್ನ್. ಎದುರಿಂದ ಬಸ್ಸು ಕಂಡರೆ ತಿರುವಿನ ಮೊದಲೇ ನಿಂತುಬಿಡಿ, ಅದಕ್ಕೆ ತಿರುಗಲು ರಸ್ತೆಯ ಪೂರ್ತಿ ಅಗಲ ಬೇಕು. ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವವರು ಇದ್ದರೆ, ಮಳೆಯಿಂದ ಘಾಟಿಗೆ ಹಾನಿಯಾದಾಗ ದೊಡ್ಡ ವಾಹನ ನಿರ್ಬಂಧಿಸಿ ಜಿಲ್ಲಾಧಿಕಾರಿ ಆದೇಶ ಬರ್ತದೆ, ಹಿಂದಿನ ದಿನ ವಿಚಾರಿಸಿ.

ಬ್ರಹ್ಮಾವರ_ಅಕ್ಕ
ವಾಂತಿಯ ವಿಷಯ ನಾನು ಹೇಳ್ತೇನೆ. ಬೆಳಗ್ಗೆ ಹೊರಡುವಾಗ ಬನ್ಸ್, ಗೋಳಿಬಜೆ ಕೊಡಬೇಡಿ. ಎಣ್ಣೆಯದ್ದು ಹೊಟ್ಟೆಯಲ್ಲಿ ಹಾಗೇ ಕೂತಿರ್ತದೆ. ಹಾಲು ತುಂಬ ಕುಡಿಸಿ ಕರೆದುಕೊಂಡು ಹೋಗುವುದೂ ಬೇಡ, ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ, ಇಲ್ಲವೇ ಒಣ ಬ್ರೆಡ್, ಘಾಟಿಗೆ ಒಂದು ಗಂಟೆ ಮೊದಲು. ಮೂರನೇ ಸಾಲಿನಲ್ಲಿ ಕೂರಿಸಬಾರದು, ಅಲ್ಲಿ ಓಲಾಟ ಹೆಚ್ಚು. ನಡು ಸಾಲಿನ ಮಧ್ಯ, ಮುಂದಿನ ರಸ್ತೆ ಕಾಣುವ ಹಾಗೆ, ಬೆಲ್ಟ್ ಹಾಕಿ. ಮೊಬೈಲ್ ಕಿತ್ತುಕೊಳ್ಳಿ. ಕಣ್ಣು ಅಲುಗದ ಪರದೆ ನೋಡ್ತದೆ, ಕಿವಿಯೊಳಗಿನ ಸಮತೋಲನದ ಭಾಗ ಗಾಡಿ ತಿರುಗುವುದನ್ನು ಹೇಳ್ತದೆ. ಎರಡಕ್ಕೂ ತಾಳ ತಪ್ಪಿದಾಗಲೇ ಹೊಟ್ಟೆ ತೊಳೆಸುವುದು. ಮಾತ್ರೆ ಬೇಕಿದ್ರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ, ಕೊಡುವುದಿದ್ರೆ ಘಾಟಿ ಶುರುವಾಗುವ ಮೊದಲು. ವಾಂತಿ ಶುರುವಾದ ಮೇಲೆ ನುಂಗಿಸಿದ್ದು ಹೊರಗೇ ಬರ್ತದೆ.

ಬುತ್ತಿಗೆ ಮೊಸರನ್ನ ಒಳ್ಳೆಯದು, ಆದರೆ ಮನೆಯ ಅಳತೆಯಲ್ಲಿ ಮಾಡಬೇಡಿ. ಆರು ಜನಕ್ಕೆ ಎರಡು ಕಪ್ ಅಕ್ಕಿ. ಮೆತ್ತಗೆ ಬೇಯಿಸಿ, ಕೈ ತಡೆಯುವಷ್ಟು ಆರಿದ ಮೇಲೆ ನಾಲ್ಕು ಕಪ್ ಕಾಯಿಸಿ ಆರಿಸಿದ ಹಾಲು, ನಾಲ್ಕು ಚಮಚ ಮೊಸರು. ಮಧ್ಯಾಹ್ನಕ್ಕೆ ಹದವಾಗಿ ಹುಳಿ ಬರ್ತದೆ. ಬಿಸಿ ಅನ್ನಕ್ಕೆ ಮೊಸರು ಹಾಕಿದರೆ ಒಡೆದು ನೀರು ಬಿಡ್ತದೆ. ಫ್ಲಾಸ್ಕಿನಲ್ಲಿ ಕಷಾಯ: ಒಂದು ಲೀಟರ್ ನೀರಿಗೆ ನಾಲ್ಕು ಚಮಚ ಪುಡಿ, ಬೆಲ್ಲ. ಹಾಲು ಬೇರೆ ಬಾಟಲಿಯಲ್ಲಿ ಇರಲಿ, ಬೆರೆಸಿ ಇಟ್ಟರೆ ಕೆಡುವ ಸಂಭವ ಉಂಟು.

ಬಟ್ಟೆ: ಮಕ್ಕಳಿಗೆ ತಲಾ ಎರಡು ಜೊತೆ, ಬೈರಾಸು (ಟವೆಲ್) ನಾಲ್ಕು, ಎಲ್ಲ ಬೇರೆಬೇರೆ ಚೀಲದಲ್ಲಿ. ಜೀನ್ಸ್ ಒದ್ದೆಯಾದರೆ ಸಂಜೆ ತನಕ ಒಣಗುವುದಿಲ್ಲ. ಕಟ್ಟೆಯ ಮೇಲೆ ಗಾಳಿಗೆ ಕೊಡೆ ಮಗುಚಿ ಹೋಗ್ತದೆ, ಪ್ಯಾಂಟು–ಅಂಗಿ ಬೇರೆ ಇರುವ ರೈನ್‌ಕೋಟೇ ಬೇಕು.

ಕುಂಜಿಬೆಟ್ಟು_ಮನೆ
ಕುಂದಾದ್ರಿಯಲ್ಲಿ ಇದ್ದಾಗಲೇ ಗುಡುಗಿದರೆ? ಬಸದಿಯ ಹತ್ತಿರ ನಿಂತರೆ ಸಾಕಾ?

ಮೋಡದ_ಲೆಕ್ಕ
ಸಾಲುವುದಿಲ್ಲ. ತೆರೆದ ಮಂಟಪ, ಮರದ ಬುಡ, ಬಂಡೆಯ ತುದಿ, ಕೆರೆಯ ಅಂಚು ಎಲ್ಲ ಅಪಾಯ. ಗಾಜು ಏರಿಸಿದ ಕಾರಿನೊಳಗೆ ಇದ್ದರೆ ಸುರಕ್ಷಿತ, ಸಿಡಿಲು ಬಡಿದರೂ ಲೋಹದ ಹೊರಮೈಯಲ್ಲೇ ಹರಿದು ನೆಲ ಸೇರ್ತದೆ. ಮಿಂಚು ಕಂಡು ಗುಡುಗು ಕೇಳುವ ತನಕ ಸೆಕೆಂಡು ಎಣಿಸಿ, ಮೂರಕ್ಕೆ ಒಂದು ಕಿ.ಮೀ. ಮೂವತ್ತರೊಳಗೆ ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗೆ, ತಕ್ಷಣ ಗಾಡಿ ಸೇರಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಗಾಡಿಯಿಂದ ಹೊರಗೆ ಇಳಿಯಬೇಡಿ. ದಾಮಿನಿ ಆ್ಯಪ್ ಸುತ್ತಮುತ್ತಲಿನ ಸಿಡಿಲು ತೋರಿಸ್ತದೆ. ಆದರೆ ಮೇಲೆ ನೆಟ್‌ವರ್ಕ್ ಬಂದುಹೋಗುವಂಥದ್ದು, ಕಿವಿಯನ್ನೇ ನಂಬಿ.

ಘಾಟಿ_ಚಾಲಕ
ಕುಂದಾದ್ರಿ ಏರುವ ರಸ್ತೆ ಕಿರಿದು, ಕಡಿದು. ಗುಡುಗಿನ ಹೊತ್ತಿಗೆ ಎಲ್ಲರೂ ಒಟ್ಟಿಗೆ ಇಳಿಯಲು ಹೊರಟು ಸಿಕ್ಕಿಬೀಳ್ತಾರೆ. ಹೋದ ಕೂಡಲೇ ಗಾಡಿಯನ್ನು ಇಳಿಯುವ ಕಡೆಗೆ ಮುಖ ಮಾಡಿ ನಿಲ್ಲಿಸಿ. ಅಮ್ಮನಿಗೆ ಒದ್ದೆ ಬಂಡೆಯ ಮೇಲೆ ರಬ್ಬರ್ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ, ಅಡಿಯಲ್ಲಿ ಗೀರು ಇರುವ ಸ್ಯಾಂಡಲ್.

ಹೆಬ್ರಿ_ತಿರುವು
ಹಾದಿಯಲ್ಲಿ ತೊರೆ ಕಂಡರೆ ಮಕ್ಕಳು ಇಳಿಯಲು ಹಟ ಮಾಡ್ತಾರೆ. ನಿಂತಲ್ಲಿ ಬಿಸಿಲಿದ್ದರೂ ಮೇಲೆ ಮಳೆಯಾಗಿದ್ರೆ ನೀರು ನಿಮಿಷಗಳಲ್ಲಿ ಏರ್ತದೆ. ನೀರಿನ ಬಣ್ಣ ಚಹಾದ ಹಾಗೆ ತಿರುಗುವುದು, ತರಗೆಲೆ, ಕಡ್ಡಿ ತೇಲಿ ಬರುವುದು, ಸದ್ದು ದಪ್ಪ ಆಗುವುದು, ಇದರಲ್ಲಿ ಒಂದು ಕಂಡರೂ ಮೇಲೆ ಹತ್ತಿ. ಐದು ವರ್ಷದವನಿಗೆ ಪಾದ ಮುಳುಗುವಷ್ಟು ನೀರೂ ಈ ಕಾಲದಲ್ಲಿ ಬೇಡ.

ಕುಂಜಿಬೆಟ್ಟು_ಮನೆ
ಇಷ್ಟು ವಿವರಕ್ಕೆ ಎಲ್ಲರಿಗೂ ವಂದನೆ. 6.15ಕ್ಕೆ ಹೊರಡುವುದು ಖಾತ್ರಿ, ಉಳಿದದ್ದು ಹೆಬ್ರಿಯಲ್ಲಿ. ಕೊನೆಯದು, ಉಂಬಳಕ್ಕೆ (ಕಾಡಿನ ಜಿಗಣೆ) ಎಂತ ಮಾಡುವುದು? ಉಪ್ಪು ಸಾಕಾ?

ಬ್ರಹ್ಮಾವರ_ಅಕ್ಕ
ಉಪ್ಪು ಮಳೆಗೆ ತೊಳೆದು ಹೋಗ್ತದೆ. ಒಣ ಸಾಬೂನಿನ ತುಂಡನ್ನು ಕಾಲುಚೀಲದ ಹೊರಗೆ, ಶೂ ಬಾಯಿಯ ಸುತ್ತ ಗಟ್ಟಿಯಾಗಿ ತಿಕ್ಕಿ. ಹಿಡಿದದ್ದನ್ನು ಎಳೆಯಬೇಡಿ, ಚರ್ಮಕ್ಕೆ ಹತ್ತಿದ ಸಣ್ಣ ತುದಿಯ ಬದಿಯಲ್ಲಿ ಉಗುರು ಜಾರಿಸಿದರೆ ಬಿಡ್ತದೆ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಒಂದು ರಸ ಬಿಟ್ಟಿರ್ತದೆ, ಹಾಗಾಗಿ ಸಣ್ಣ ಗಾಯಕ್ಕೂ ತುಂಬ ಹೊತ್ತು ರಕ್ತ ಜಿನುಗ್ತದೆ. ತೊಳೆದು, ಹತ್ತಿ ಇಟ್ಟು ಕಾಲು ಗಂಟೆ ಒತ್ತಿ ಹಿಡಿಯಿರಿ. ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾ ಇದ್ರೆ ಹುಲ್ಲಿಗೆ ಇಳಿಯುವುದೇ ಬೇಡ, ಡಾಮರಿನ ಮೇಲೇ ಇರಲಿ.

ಗ್ಯಾರೇಜ್_ಕಾಪು
ವಾಪಸ್ ಗಾಡಿ ಹತ್ತುವ ಮೊದಲು ಎಲ್ಲರ ಶೂ ನೋಡಿ. ಪೆಡಲಿನ ಹತ್ತಿರ ಉಂಬಳ ಕಂಡು ಚಾಲಕ ಬಗ್ಗಿದರೆ, ಅದೂ ಹೇರ್‌ಪಿನ್‌ನಲ್ಲಿ, ಬ್ರೇಕು ಟಯರು ಎಷ್ಟು ಒಳ್ಳೆಯದಿದ್ದು ಎಂತ ಪ್ರಯೋಜನ?